ಶಿವರಾತ್ರಿಯೊಳಗೆ ಬರಬೇಕಿದ್ದ ಹಕ್ಕಿ

ನನ್ನ ನೆನಪಿನಲ್ಲಿ ಆ ಹಕ್ಕಿ ಹಸಿರು ಎಲೆಗಳ ನಡುವೆ ಕೂತಿದೆ. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕನ್ನು ಕವುಚಿಟ್ಟಂಥ ಉಬ್ಬು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಅದರ ಹಿಂದೆ ಬೆಳಕೂ ನುಸುಳದಷ್ಟು ಎಲೆ. ಇಷ್ಟು ಚೆನ್ನಾಗಿ ಕಾಣುವ ಈ ಚಿತ್ರ ತಪ್ಪು ಎನ್ನುವುದು ನನಗೆ ಗೊತ್ತು. ನಮ್ಮ ಮನೆಯ ಹಿಂದೆ ಇದ್ದದ್ದು ತಾರೆ ಮರ. ಶಿವರಾತ್ರಿಯ ಹೊತ್ತಿಗೆ ತಾರೆ ಮರ ಎಲೆಯನ್ನೆಲ್ಲ ಉದುರಿಸಿಕೊಂಡು ಬೋಳಾಗಿ ನಿಂತಿರುತ್ತದೆ. ಹಾಗಾದರೆ ಈ ಹಕ್ಕಿ ಎಲ್ಲಿಯದು? ಬೇರೆ ತಿಂಗಳಲ್ಲಿ ಬೇರೆ ಮರದಲ್ಲಿ ನೋಡಿದ್ದನ್ನು ತಂದು ಇಲ್ಲಿ ಕೂರಿಸಿದ್ದೇನೆಯೇ, ಅಥವಾ ಯಾವುದೋ ಕ್ಯಾಲೆಂಡರಿನದೋ? ದಿನಚರಿ ಬರೆಯುವ ಅಭ್ಯಾಸ ನನಗೆ ಹತ್ತಿದ್ದು ಧಾರವಾಡದಲ್ಲಿ ಎಂ.ಎ. ಓದುವಾಗ. ಅಲ್ಲಿಂದ ಈಚಿನದನ್ನು ಬೇಕಾದರೆ ತಿರುವಿ ನೋಡಬಹುದು. ಅದರ ಹಿಂದಿನದಕ್ಕೆ ನಾನೇ ಸಾಕ್ಷಿ, ಬೇರೆ ಆಧಾರವಿಲ್ಲ. ಈಗ ಬರೆಯಲು ಹೊರಟಿರುವ ವರ್ಷದಲ್ಲಿ ಮನೆಯವರೂ ನನ್ನ ಸಾಕ್ಷಿಯನ್ನೇ ನಂಬಿದ್ದರು. ಆದ್ದರಿಂದ ಓದುವವರು ಸ್ವಲ್ಪ ಎಚ್ಚರದಿಂದ ಓದಬೇಕು. ನಾನೂ ಎಚ್ಚರದಿಂದಲೇ ಬರೆಯುತ್ತೇನೆ.

ಯಲ್ಲಾಪುರದಿಂದ ನಂದೊಳ್ಳಿಯ ಕಡೆಗೆ ಹೋಗುವ ರಸ್ತೆಯನ್ನು ಬಿಟ್ಟು ಒಳಗೆ ನಡೆದರೆ ಗುಡ್ಡದ ಬುಡದಲ್ಲಿ ನಮ್ಮ ಹೆಂಚಿನ ಮನೆ. ಸುತ್ತಮುತ್ತಲಿನವರಿಗೆ ತೋಟವಿತ್ತು, ನಮಗಿರಲಿಲ್ಲ. ಅಪ್ಪಯ್ಯ, ಅಜ್ಜಿಯ ಬಾಯಲ್ಲಿ ಗಣಪ, ಮದುವೆ-ಮುಂಜಿಗಳಿಗೆ ಅಡಿಗೆ ಮಾಡುವವನು. ಊರಿನ ದೊಡ್ಡ ಮನೆಗಳ ಊಟವೆಲ್ಲ ಅವನ ಕೈಯಲ್ಲಿ ಬೆಂದು ಹೋಗುತ್ತಿತ್ತು. ನಮ್ಮ ಮನೆಯ ಒಲೆಯ ಹತ್ತಿರ ಮಾತ್ರ ಅವನು ಸುಳಿಯುತ್ತಿರಲಿಲ್ಲ. ಆಯಿ, ನನ್ನ ತಾಯಿ, ಮಾಡಿದ ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಹಾಗೆಯೇ ಉಣ್ಣುತ್ತಿದ್ದ. ಅವನ ಪಾತ್ರೆಗಳಿಗೆ ಮಾತ್ರ ಮನೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಜಗಲಿಯ ಅರ್ಧ ಭಾಗವನ್ನು ಕೊಪ್ಪರಿಗೆ, ಕಡಾಯಿ, ಹಂಡೆಗಳೇ ತುಂಬಿಕೊಂಡಿದ್ದವು. ಬಂದವರು ಕೂರಬೇಕಾದರೆ ಸಟ್ಟುಗಗಳ ಕಟ್ಟನ್ನು ಸರಿಸಿ ಕೂರಬೇಕು. ಬಿಸಿಲು ಏರಿದಂತೆ ತಾಮ್ರದ ಕೊಪ್ಪರಿಗೆಗಳು ಯಾರೂ ಮುಟ್ಟದೆಯೇ ಟಿಣ್ ಎನ್ನುತ್ತಿದ್ದವು. ಅದನ್ನು ಕೇಳಿದರೆ ಅಜ್ಜಿ, ಎಲ್ಲೋ ಒಂದು ಮದುವೆ ಗೊತ್ತಾಯಿತು ಎನ್ನುತ್ತಿದ್ದಳು.

ಮನೆಯ ಹಿಂಬದಿಗೆ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಅದು ಅತ್ತೆಯದು. ಅಪ್ಪಯ್ಯನ ತಂಗಿ ಸರಸತ್ತೆ ಮದುವೆಯಾಗಿ ಸಿದ್ದಾಪುರದ ಕಡೆಯ ದೊಡ್ಮನೆಗೆ ಹೋದವಳು, ನಾನು ಹುಟ್ಟುವ ಮೊದಲೇ ತಿರುಗಿ ಬಂದಿದ್ದಳು. ಯಾಕೆ ಬಂದಳು ಎನ್ನುವುದನ್ನು ಮನೆಯಲ್ಲಿ ಯಾರೂ ನೇರವಾಗಿ ಹೇಳಿದ್ದು ನನಗೆ ನೆನಪಿಲ್ಲ. ಮಾವ ಎನ್ನಿಸಿಕೊಂಡವನು ಮುಂಬಯಿಗೆ ಹೋದ, ಬರುತ್ತೇನೆ ಎಂದ, ಬರಲಿಲ್ಲ ಎನ್ನುವಷ್ಟು ಮಾತ್ರ ಅವರಿವರ ಮಾತಿನಿಂದ ತಿಳಿದಿತ್ತು. ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು, ಗೋಡೆಯಲ್ಲಿ ಒಂದು ಗೂಡು, ಮರದ ಸರಳಿನ ಕಿಟಕಿ. ಅತ್ತೆ ಹಗಲೆಲ್ಲ ಆಯಿಯ ಜೊತೆ ಸರಿಸಮಕ್ಕೆ ದುಡಿದು, ಮೂರು ಸಂಜೆಗೆ ಆ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ಬಾಗಿಲು ಮುಂದೆ ಮಾಡಿಕೊಂಡು ಕೂರುತ್ತಿದ್ದಳು. ಮಲಗುವಾಗ ನಾನು ಅವಳ ಮಗ್ಗುಲಿಗೆ. ಕಿಟಕಿಯಿಂದ ತಲೆಯೆತ್ತಿ ನೋಡಿದರೆ ತಾರೆ ಮರ, ಅದರ ಕಾಂಡದಲ್ಲಿ ಎರಡಾಳೆತ್ತರದ ಮೇಲೆ ಉದ್ದನೆಯ ಒಂದು ಪೊಟರೆ.

ಮರ ಮನೆಯ ಕಡೆಗೆ ವಾಲಿತ್ತು. ಎಷ್ಟು ವಾಲಿತ್ತು ಎನ್ನುವುದರ ಮೇಲೆ ಮನೆಯಲ್ಲಿ ಎರಡು ಮತ. ಅಪ್ಪಯ್ಯನ ಕಣ್ಣಿಗೆ ಅದು ಪ್ರತಿವರ್ಷ ಇನ್ನಷ್ಟು ಬಗ್ಗುತ್ತಿತ್ತು. ಅತ್ತೆಯ ಕಣ್ಣಿಗೆ ಅವಳು ಹುಟ್ಟಿದಾಗಿನಿಂದ ಹಾಗೆಯೇ ಇತ್ತು. ಯುಗಾದಿ ಕಳೆದ ಮೇಲೆ ಬೀಸುವ ಗಾಳಿಮಳೆಗೆ ಎಲ್ಲಿ ಅದು ಕೋಣೆಯ ಮೇಲೆ ಬೀಳುತ್ತದೋ ಎಂದು ಅಪ್ಪಯ್ಯನಿಗೆ ಭಯ. ಮೊದಲೇ ಅದು ತಾರೆ, ಅದರ ನೆರಳಲ್ಲಿ ಕಲಿ ಕೂತಿರುತ್ತಾನೆ ಎನ್ನುವ ಮಾತು ಬೇರೆ. ಆದರೆ ವಾಲಿದ ಮರವನ್ನು ಸುಮ್ಮನೆ ಕಡಿಯಲಾಗದು. ಅದು ಬೀಳುವುದೇ ಕೋಣೆಯ ಮೇಲೆ. ಮೊದಲು ಕೋಣೆಯ ಹೆಂಚಿನ ಮಾಡು ಇಳಿಸಬೇಕು, ಆಮೇಲೆ ಮರ ಉರುಳಿಸಬೇಕು. ಮಾಡು ಇಳಿಸಿದ ಮೇಲೆ ಅದನ್ನು ಮತ್ತೆ ಕೋಣೆ ಮಾಡುವ ಬದಲು ಪಾತ್ರೆ ಇಡಲು ಚಪ್ಪರ ಹಾಕಿದರಾಯಿತು, ಸರಸಿ ನಡುಮನೆಯಲ್ಲಿ ಅಬ್ಬೆಯ, ಎಂದರೆ ಅಜ್ಜಿಯ, ಜೊತೆ ಮಲಗಲಿ ಎಂದು ಅಪ್ಪಯ್ಯ ಒಮ್ಮೆ ಊಟಕ್ಕೆ ಕೂತಾಗ ಹೇಳಿದ. ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ಮರ ಉಳಿದರೆ ಕೋಣೆ ಉಳಿಯಿತು, ಮರ ಹೋದರೆ ಕೋಣೆಯೂ ಹೋಯಿತು ಎನ್ನುವ ಲೆಕ್ಕ ಅವಳಿಗೆ ಅಲ್ಲೇ ತಿಳಿದಿರಬೇಕು. ನನಗೆ ತಿಳಿದದ್ದು ಮಾತ್ರ ಎಷ್ಟೋ ಕಾಲದ ಮೇಲೆ.

ಪೊಟರೆ ಮಂಗಟ್ಟೆ ಹಕ್ಕಿಯದು. ಪ್ರತಿವರ್ಷ ಚಳಿ ಬಿಡುವ ಹೊತ್ತಿಗೆ ಒಂದು ಜೋಡಿ ಎಲ್ಲಿಂದಲೋ ಬಂದು ಮರದ ಸುತ್ತ ಹಾರಾಡುತ್ತಿತ್ತು. ಆಮೇಲೆ ಹೆಣ್ಣು ಪೊಟರೆಯೊಳಗೆ ಹೋಗಿ ಕೂತು, ಮಣ್ಣು ಹಿಕ್ಕೆ ಸೇರಿಸಿ ಬಾಯನ್ನು ಒಳಗಿನಿಂದಲೇ ಮೆತ್ತಿಕೊಳ್ಳುತ್ತಿತ್ತು. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಮರಿ ದೊಡ್ಡದಾಗುವವರೆಗೂ ಗಂಡು ತಂದು ಕೊಟ್ಟ ಹಣ್ಣೇ ಅದಕ್ಕೆ ಊಟ. ಗಂಡು ಬಸರಿ, ಆಲದ ಹಣ್ಣುಗಳನ್ನು ಗಂಟಲಲ್ಲಿ ತುಂಬಿಕೊಂಡು ಬಂದು ಒಂದೊಂದಾಗಿ ಹೊರತೆಗೆದು ಸೀಳಿನೊಳಗೆ ಕೊಡುವುದನ್ನು ನೋಡಿ ಅಜ್ಜಿ ಮಗಳನ್ನು ಕುಟುಕುತ್ತಿದ್ದಳು.

"ಆ ಹಕ್ಕಿಗಿದ್ದಷ್ಟು ಬುದ್ಧಿ ನಿನ್ನ ಗಂಡಂಗೆ ಇದ್ದಿದ್ರೆ ಆಗಿತ್ತು."

"ಹಕ್ಕಿ ಜಾತಕ ನೋಡಿ ಮದುವೆ ಆಗ್ತಿಲ್ಲೆ, ಅಬ್ಬೆ," ಎನ್ನುತ್ತಿದ್ದಳು ಅತ್ತೆ.

ಜಾತಕ ಕೂಡಿಸಿದ್ದು ಅಜ್ಜಿಯೇ. ಅವಳು ತಲೆ ಬಗ್ಗಿಸಿ ಬತ್ತಿ ಹೊಸೆಯುತ್ತಿದ್ದಳು.

ಮರದ ಜಗಳ ಊಟದ ಹೊತ್ತಿನ ನಿತ್ಯದ ಜಗಳವಾದಾಗ ಅದಕ್ಕೊಂದು ತೀರ್ಮಾನ ಕೊಟ್ಟವಳೂ ಅಜ್ಜಿಯೇ. ಬಾಣಂತಿ ಮಲಗಿದ ಮನೆಯ ಹೆಂಚು ಕೂಡ ಕದಲಿಸಬಾರದು ಎನ್ನುವುದು ನಮ್ಮಲ್ಲಿದ್ದ ನಡಾವಳಿ. ಅದನ್ನೇ ಅವಳು ಮರಕ್ಕೂ ಎಳೆದಳು.

"ಮಂಗಟ್ಟೆ ಶಿವರಾತ್ರಿ ಒಳಗೆ ಬಂತು ಹೇಳಾದ್ರೆ ಆ ವರ್ಷ ಮರಕ್ಕೆ ಕೊಡಲಿ ಹಾಕಲಾಗ. ಬಾಣಂತಿ ಮನೆ ಅದು. ಬರದೇ ಇದ್ರೆ ಗಣಪ ಹೇಳಿದ ಹಾಂಗೆ."

"ನೋಡವ್ವು ಯಾರು?" ಎಂದ ಅಪ್ಪಯ್ಯ. "ಸರಸಿ ನೋಡಿದ್ರೆ ಹಕ್ಕಿ ಸಂಕ್ರಾಂತಿಗೇ ಬತ್ತು."

"ಅಣ್ಣಯ್ಯ ನೋಡಿದ್ರೆ ಕಾಗೆನೂ ಬತ್ತಿಲ್ಲೆ."

ಅಜ್ಜಿಗೆ ಕಣ್ಣು ಮಂಜು. ಅಣ್ಣ ತಂಗಿಯ ನಡುವೆ ನಾನು ಬರುವವಳಲ್ಲ ಎಂದು ಆಯಿ ಎಂದೋ ಹೇಳಿಬಿಟ್ಟಿದ್ದಳು. ಉಳಿದವಳು ನಾನು.

"ಕೂಸು ನೋಡ್ಲಿ," ಎಂದಳು ಅಜ್ಜಿ. "ಅದಕ್ಕೆ ಮರನೂ ಬ್ಯಾಡ, ಕೋಣೆನೂ ಬ್ಯಾಡ."

ಹೀಗೆ ನಾನು ಸಾಕ್ಷಿಯಾದೆ. ಶಿವರಾತ್ರಿಯ ಸಂಜೆ ದೇವರ ದೀಪ ಹಚ್ಚಿದ ಮೇಲೆ ಅಜ್ಜಿ ನನ್ನನ್ನು ಕರೆದು "ಬಂಜಾ?" ಎಂದು ಕೇಳುತ್ತಿದ್ದಳು, ಬಂದಿದೆಯಾ ಎಂದು. ನಾನು "ಬಂಜು" ಎಂದರೆ ಆ ವರ್ಷದ ಮಟ್ಟಿಗೆ ಮಾತು ಮುಗಿಯಿತು. ನನಗೆ ಮರವೂ ಬೇಡ ಕೋಣೆಯೂ ಬೇಡ ಎಂದು ಅಜ್ಜಿ ಹೇಳಿದ್ದು ಅರ್ಧ ಸತ್ಯ. ನನಗೆ ಅತ್ತೆಯ ಕೋಣೆ ಬೇಕಿತ್ತು. ಅವಳ ಟ್ರಂಕಿನ ಕರ್ಪೂರದ ವಾಸನೆ, ಮಲಗುವ ಮುಂಚಿನ ಅವಳ ಒಗಟುಗಳು ಬೇಕಿದ್ದವು. ಆದರೆ ಅದೇ ಮಂಚದ ಮೇಲೆ ಅವಳ ಜೊತೆ ಮಲಗುವವಳೂ ನಾನೇ. ಅಪ್ಪಯ್ಯನ ಭಯವೂ ನನ್ನೊಳಗೆ ಹೊಕ್ಕಿತ್ತು. ಹಕ್ಕಿ ಬರದಿದ್ದರೆ ಕೋಣೆ ಹೋಗುತ್ತದೆ. ಬಂದರೆ ಗಾಳಿಮಳೆಯ ಕಾಲವನ್ನೆಲ್ಲ ಆ ಮರದ ಕೆಳಗೆ ಕಳೆಯಬೇಕು. ಬಂದರೂ ಹೆದರಿಕೆ, ಬರದಿದ್ದರೂ ಹೆದರಿಕೆ. ಇಂದಿಗೂ ಯಾವ ಒಳ್ಳೆಯ ಸುದ್ದಿ ಬಂದರೂ ಅದರ ಹಿಂದೆ ಇನ್ನೇನು ಕಾದಿದೆಯೋ ಎಂದು ಬಗ್ಗಿ ನೋಡುವ ನನ್ನ ಸ್ವಭಾವ ಆ ಕಿಟಕಿಯಲ್ಲೇ ಬೆಳೆದಿರಬಹುದು. ಅಥವಾ ಸ್ವಭಾವ ಮೊದಲೇ ಇತ್ತು, ಅದಕ್ಕೊಂದು ಕಿಟಕಿ ಸಿಕ್ಕಿತು ಅಷ್ಟೆ. ಈ ಎರಡರಲ್ಲಿ ಯಾವುದು ಸರಿ ಎಂದು ನಾನು ಹೇಳಲಾರೆ.

ಮೊದಲ ಕೆಲವು ವರ್ಷ ಕಷ್ಟವಿರಲಿಲ್ಲ. ಆಲೆಮನೆಯ ಕಾಲ ಅದು. ಕಬ್ಬಿನ ಹಾಲು ಮನೆಗೆ ಬಂದ ದಿನ ಆಯಿ ಮತ್ತು ಅತ್ತೆ ಒಲೆಯ ಮೇಲೆ ಗಡಿಗೆಯನ್ನು ಕವುಚಿಟ್ಟು ತೊಡದೇವು ಹೊಯ್ಯುತ್ತಿದ್ದರು. ಬಟ್ಟೆ ಸುತ್ತಿದ ಕೋಲನ್ನು ಹಿಟ್ಟಿನಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಕಾಗದಕ್ಕಿಂತ ತೆಳ್ಳಗಿನ ಹಾಳೆ ಏಳುತ್ತಿತ್ತು. ಅದನ್ನು ಹರಿಯದೆ ಎತ್ತುವುದು ಅತ್ತೆಯ ಕೈಚಳಕ. ಎತ್ತುತ್ತಾ ಎತ್ತುತ್ತಾ ಅವಳ ಕಿವಿ ಹಿತ್ತಲಿನ ಕಡೆಗಿರುತ್ತಿತ್ತು. ಭಾರದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಡವಿದಂಥ ರೆಕ್ಕೆಯ ಸದ್ದು, ಆಮೇಲೆ ಹೆದರಿದ ಕೋಳಿಯಂಥ ಕೇಕೆ. ಹಾಳೆ ಅರ್ಧಕ್ಕೇ ಹರಿದು ಗಡಿಗೆಗೆ ಅಂಟಿಕೊಂಡರೆ ಹಕ್ಕಿ ಬಂತು ಎಂದೇ ಅರ್ಥ. ಹರಿದ ತೊಡದೇವು ನನ್ನ ಪಾಲಿಗೆ. ನಾನು ಅದನ್ನು ತಿನ್ನುತ್ತ ಓಡಿಹೋಗಿ, ಪೊಟರೆಯನ್ನು ಕಣ್ಣಾರೆ ನೋಡಿ, ಅಜ್ಜಿಗೆ ಹೇಳಲು ಶಿವರಾತ್ರಿಯವರೆಗೂ ಕಾಯುತ್ತಿದ್ದೆ. ಅಪ್ಪಯ್ಯ ಒಳಗೊಳಗೇ ಹಲ್ಲು ಕಚ್ಚಿಕೊಂಡರೂ ಮಾತು ತಪ್ಪುತ್ತಿರಲಿಲ್ಲ. ಹೆಣ್ಣು ಒಳಗೆ ಕೂತ ಮೇಲಂತೂ ಅವನೇ ಮರದ ಹತ್ತಿರ ಕಟ್ಟಿಗೆ ಒಡೆಯುವುದನ್ನು ಬಿಟ್ಟು ಮನೆಯ ಮುಂದೆ ಒಡೆಯುತ್ತಿದ್ದ.

ಆ ವರ್ಷ ಹಕ್ಕಿ ಬರಲಿಲ್ಲ. ಆಲೆಮನೆ ಮುಗಿಯಿತು, ಮರದ ಕೊನೆಯ ಎಲೆಯೂ ಉದುರಿತು, ಪೊಟರೆಯ ಬಾಯಿ ಕಪ್ಪಗೆ ತೆರೆದೇ ಇತ್ತು. ಅದರ ಅಂಚಿಗೆ ಹೋದ ವರ್ಷದ ಮಣ್ಣಿನ ಮೆತ್ತಿಗೆ ಒಂದಿಷ್ಟು ಉಳಿದುಕೊಂಡಿತ್ತು. ಅತ್ತೆ ತೊಡದೇವನ್ನು ಒಂದೂ ಹರಿಯದೆ ಎತ್ತಿ ಡಬ್ಬಿ ತುಂಬಿಸಿದಳು. ನನಗೆ ಅದನ್ನು ತಿನ್ನುವ ಮನಸ್ಸಾಗಲಿಲ್ಲ. ಶಾಲೆಯಿಂದ ಬಂದವಳು ಚೀಲ ಇಳಿಸುವ ಮೊದಲು ಕಿಟಕಿಗೆ ಹೋಗುತ್ತಿದ್ದೆ. ಅಪ್ಪಯ್ಯ ಒಂದು ಮಧ್ಯಾಹ್ನ ಏಣಿ ತಂದು ಕೋಣೆಯ ಗೋಡೆಗೆ ಒರಗಿಸಿಟ್ಟ. ಮಾಡಿಗೆ ಹತ್ತಲಿಲ್ಲ, ಸುಮ್ಮನೆ ಇಟ್ಟ. ಆ ಏಣಿ ಕಿಟಕಿಗೆ ಅಡ್ಡವಾಗಿತ್ತು. ಅತ್ತೆ ಅದನ್ನು ತೆಗೆದು ಕೊಟ್ಟಿಗೆಯಲ್ಲಿಟ್ಟಳು. ಮರುದಿನ ಅದು ಮತ್ತೆ ಗೋಡೆಗೆ ಬಂತು. ಆಯಿ ಇಬ್ಬರಿಗೂ ಒಂದೇ ಸಲ ಅನ್ನ ಬಡಿಸುವುದನ್ನು ಬಿಟ್ಟಳು. ಅಪ್ಪಯ್ಯ ಉಂಡು ಎದ್ದ ಮೇಲೆ ಅತ್ತೆ ಕೂರುತ್ತಿದ್ದಳು.

ಒಂದು ದಿನ ಮಾತ್ರ ಮಾತು ಹೊರಗೆ ಬಿತ್ತು. ಅಪ್ಪಯ್ಯ ಯಾವುದೋ ಮುಂಜಿಗೆ ಹೊರಟವನು, ಹೆಗಲಿಗೆ ವಸ್ತ್ರ ಹಾಕಿಕೊಳ್ಳುತ್ತ ಹಿತ್ತಲ ಬಾಗಿಲಲ್ಲಿ ನಿಂತ.

"ಮರ ಬಿದ್ರೆ ಯಾರ ಮೈಮೇಲೆ ಬೀಳ್ತು ಹೇಳಿ ಗೊತ್ತಿದ್ದಾ ನಿಂಗೆ?"

"ಗೊತ್ತಿದ್ದು," ಎಂದಳು ಅತ್ತೆ. "ಆನು ಮಲಗದು ಅಲ್ಲೇ."

"ಕೂಸೂ ಮಲಗ್ತು."

ಅಂದಿನಿಂದ ನನಗೆ ನಡುಮನೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಹಾಸಿಗೆ. ಅದನ್ನು ಹಾಸಿಕೊಟ್ಟವಳು ಅತ್ತೆಯೇ. ಹಾಸಿ, ಅಂಚು ಸರಿಮಾಡಿ, ನನ್ನ ಮುಖ ನೋಡದೆ ತನ್ನ ಕೋಣೆಗೆ ಹೋದಳು.

ಈಗ ಶಿವರಾತ್ರಿಯ ದಿನ. ಇದನ್ನು ನಾನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಮುಟ್ಟಿ ಮುಟ್ಟಿ ನಾಣ್ಯದ ಮುದ್ರೆ ಸವೆದಂತೆ ಅದರ ಗುರುತೆಲ್ಲ ಸವೆದಿದೆ. ಮನೆಯಲ್ಲಿ ಉಪವಾಸ. ಒಲೆ ಹೊತ್ತಿಸದ ಅಡಿಗೆಮನೆ ತಣ್ಣಗಿತ್ತು. ಹಗಲಿಳಿಯುವ ಹೊತ್ತು, ಅತ್ತೆ ಮತ್ತು ನಾನು ಕಿಟಕಿಯಲ್ಲಿ. ಸೂರ್ಯ ಮರದ ಹಿಂದೆ ಇಳಿದಿದ್ದ. ಬೋಳು ಕೊಂಬೆಗಳ ನಡುವಿನಿಂದ ನೇರ ನಮ್ಮ ಕಣ್ಣಿಗೆ ಹೊಡೆಯುತ್ತಿದ್ದ. ಬಟ್ಟೆ ಕೊಡವಿದ ಸದ್ದು ಕೇಳಿತು. ಇದರಲ್ಲಿ ನನಗೆ ಅನುಮಾನವಿಲ್ಲ ಎಂದು ಬರೆಯಲು ಹೊರಟೆ. ಆದರೆ ಹಿತ್ತಲಲ್ಲಿ ಆಯಿ ಒಣಗಿದ ಬಟ್ಟೆ ತೆಗೆಯುತ್ತಿದ್ದಿರಲೂಬಹುದು. ಅತ್ತೆಯ ಕೈ ನನ್ನ ಹೆಗಲನ್ನು ಹಿಡಿಯಿತು, ಉಗುರು ಊರುವಷ್ಟು ಬಿಗಿಯಾಗಿ.

"ಪೊಟರೆ ಬಾಯಲ್ಲಿ ನೋಡು. ಕಂಡ್ಚಾ? ಕಂಡ್ಚಾ ಕೂಸೆ?"

ಪೊಟರೆಯ ಬಾಯಲ್ಲಿ ಕಪ್ಪಗೆ ಏನೋ ಅಲುಗಿತು. ಅಥವಾ ಸೂರ್ಯನನ್ನು ನೋಡಿದ ಕಣ್ಣಿನಲ್ಲಿ ಕುಣಿಯುವ ಕಪ್ಪು ಚುಕ್ಕೆ ಅಲ್ಲಿ ಹೋಗಿ ಕೂತಿತು. ಕಂಡಿತು ಎಂದೆ. ಆ ಕ್ಷಣದಲ್ಲಿ ನನಗೆ ಕಂಡೇ ಇತ್ತು. ಈಗ ಕಾಣದಿರುವುದು ಆ ಕ್ಷಣದ ತಪ್ಪಲ್ಲ. ಸಂಜೆ ದೀಪದ ಮುಂದೆ ಅಜ್ಜಿ ಕೇಳಿದಳು. ಅಪ್ಪಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಆಯಿ ಅವಲಕ್ಕಿ ತೊಳೆಯುತ್ತಿದ್ದಳು. ಅತ್ತೆ ಎಲ್ಲಿದ್ದಳು ಎನ್ನುವುದು ನೆನಪಿಗೆ ಬರುವುದಿಲ್ಲ. ನಾನು "ಬಂಜು" ಎಂದೆ. ಅಪ್ಪಯ್ಯ ನನ್ನನ್ನೇ ನೋಡಿದ. ಬೆಂದಿದೆಯೋ ಇಲ್ಲವೋ ಎಂದು ಅನ್ನದ ಅಗುಳನ್ನು ಎರಡು ಬೆರಳಲ್ಲಿ ಹಿಸುಕಿ ನೋಡುವಾಗಿನ ನೋಟ ಅದು.

"ಕೂಸು ಹೇಳಿದ ಮೇಲೆ ಆತು," ಎಂದ. ಏಣಿಯನ್ನು ಅವನೇ ಕೊಟ್ಟಿಗೆಗೆ ಒಯ್ದಿಟ್ಟ.

ಆಮೇಲಿನ ದಿನಗಳು ಮದುವೆಯ ಕಾಲದವು. ಅಪ್ಪಯ್ಯ ಮನೆಯಲ್ಲಿದ್ದದ್ದಕ್ಕಿಂತ ಹೊರಗಿದ್ದದ್ದೇ ಹೆಚ್ಚು. ನನಗೆ ಪರೀಕ್ಷೆ. ಗಂಡು ಹಕ್ಕಿ ಹಣ್ಣು ತರುವುದು ನಾನು ಶಾಲೆಯಲ್ಲಿರುವ ಹೊತ್ತಿಗೇ ಎಂದು ಅತ್ತೆ ಹೇಳುತ್ತಿದ್ದಳು. ಸಂಜೆ ಬಂದರೆ, ಈಗಷ್ಟೇ ಬಂದು ಹೋಯಿತು ಎನ್ನುತ್ತಿದ್ದಳು. ಪೊಟರೆಯ ಬಾಯಿ ಕಿರಿದಾದಂತೆ ನನಗೆ ಕಾಣುತ್ತಿತ್ತು. ಹಳೆಯ ಮೆತ್ತಿಗೆ ಇದ್ದೇ ಇತ್ತಲ್ಲ, ಅದರ ಮೇಲೆ ಹೊಸದು ಬಿದ್ದಿತ್ತೇ ಎಂದು ಕೆಳಗಿನಿಂದ ಹೇಳುವುದು ಹೇಗೆ? ಒಂದು ಗುರುತು ಮಾತ್ರ ತಪ್ಪಲಾರದು. ಹೆಣ್ಣು ಒಳಗಿದ್ದರೆ ಅದು ತಿಂದು ಉಗುಳಿದ ಬೀಜಗಳು ಮರದ ಬುಡದಲ್ಲಿ ಬೀಳುತ್ತವೆ. ಬೇರೆ ವರ್ಷಗಳಲ್ಲಿ ಆ ಬುಡ ಗುಡಿಸಿ ಬೀಜ ಹೆಕ್ಕುವುದು ನನ್ನ ಕೆಲಸವಾಗಿತ್ತು. ಆ ವರ್ಷ ನಾನು ಏಳುವ ಮೊದಲೇ ಅತ್ತೆ ಅಲ್ಲಿ ಗುಡಿಸಿ ನೀರು ಚಿಮುಕಿಸಿರುತ್ತಿದ್ದಳು. ಪರೀಕ್ಷೆಯ ಕಾಲ, ಓದಿಕೊ ಎಂದಳು. ಅದು ನನ್ನ ಮೇಲಿನ ಕರುಣೆ ಎಂದೇ ಆಗ ತಿಳಿದಿದ್ದೆ. ಕರುಣೆಯೇ ಇದ್ದೀತು. ಒಮ್ಮೆ ಅಪ್ಪಯ್ಯ ಹೋಳಿಗೆಯ ಪೊಟ್ಟಣವನ್ನು ನನ್ನ ಕೈಗೆ ಕೊಡುತ್ತ, ಗಂಡು ದಿನಾ ಬರುತ್ತದೆಯಾ ಎಂದು ಕೇಳಿದ. ಅತ್ತೆ ಹೇಳುತ್ತಾಳೆ ಎಂದೆ. ಅವನು ತಲೆಯಾಡಿಸಿ ಕೈಕಾಲು ತೊಳೆಯಲು ಹೋದ.

ಗಾಳಿ ಬಂದದ್ದು ಹಲಸಿನ ಹಪ್ಪಳದ ದಿನ, ಮಧ್ಯಾಹ್ನದ ಊಟವಾದ ಮೇಲೆ. ಅಂಗಳದ ತುಂಬ ಚಾಪೆಯ ಮೇಲೆ ಹಪ್ಪಳ. ಗುಡ್ಡದ ಆಚೆ ಒಮ್ಮೆಲೇ ಕತ್ತಲಾಯಿತು. ಒಣಗಿದ ಎಲೆಗಳು ಹಿಂಡುಹಿಂಡಾಗಿ ಅಂಗಳಕ್ಕೆ ನುಗ್ಗಿದವು. ಆಯಿ, ನಾನು ಹಪ್ಪಳದ ಚಾಪೆ ಎಳೆಯತೊಡಗಿದೆವು. ಅಜ್ಜಿ ಒಳಗಿನಿಂದ ಕೂಗುತ್ತಿದ್ದಳು. ಅತ್ತೆ ನಮ್ಮ ಜೊತೆ ಇದ್ದವಳು ಇರಲಿಲ್ಲ. ಕೋಣೆಯ ಕಿಟಕಿ ಮುಚ್ಚಲು ಹೋಗಿದ್ದಾಳೆ ಎಂದು ಆಯಿ ಹೇಳಿದ್ದು ಕೇಳಿಸಿತು. ಆಗಲೇ ಹಿಂದಿನಿಂದ ಸದ್ದು ಬಂತು. ಮರ ಬೀಳುವ ಸದ್ದು ಸಿಡಿಲಿನಂತಿರುತ್ತದೆ ಎಂದು ನಾನು ಎಣಿಸಿದ್ದೆ. ಹಾಗಿರಲಿಲ್ಲ. ಯಾರೋ ತುಂಬ ಮುದುಕರು ನರಳುತ್ತ ಎದ್ದು ನಿಂತಂತೆ ಮೊದಲು, ಆಮೇಲೆ ಹೆಂಚುಗಳು. ಜಗಲಿಯ ಕೊಪ್ಪರಿಗೆಗಳೆಲ್ಲ ಒಟ್ಟಿಗೆ ಟಿಣ್ ಎಂದವು. ಆಯಿ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೋಣೆ ಇರಲಿಲ್ಲ. ಮಂಚದ ಮೇಲೆ ಕಾಂಡ ಮಲಗಿತ್ತು. ಹೆಂಚಿನ ಧೂಳು ಇಳಿಯುವವರೆಗೆ ಆಯಿ ಹೆಸರು ಹಿಡಿದು ಕರೆದಳು, ಉತ್ತರವಿಲ್ಲ. ಅತ್ತೆ ಸಿಕ್ಕಿದ್ದು ಕೋಣೆಯಲ್ಲಲ್ಲ, ಹಿತ್ತಲಿನ ಆಚೆ ಅಂಚಿನಲ್ಲಿ, ಮರ ವಾಲಿದ್ದಕ್ಕೆ ಎದುರು ದಿಕ್ಕಿನಲ್ಲಿ. ಬುಡ ಕಿತ್ತ ಹೊಂಡದ ಪಕ್ಕದಲ್ಲೇ ನಿಂತು, ಮರ ಇದ್ದ ಜಾಗದ ಆಕಾಶವನ್ನು ತಲೆಯೆತ್ತಿ ನೋಡುತ್ತಿದ್ದಳು. ಮೈಯಲ್ಲಿ ಒಂದು ಗೀರೂ ಇರಲಿಲ್ಲ. ಆ ಗಾಳಿಯಲ್ಲಿ ಅಲ್ಲಿಗೆ ಯಾಕೆ ಹೋದೆ ಎಂದು ಆಯಿ ಕೇಳಿದ್ದಕ್ಕೆ ಹಕ್ಕಿ ನೋಡಲು ಎಂದಳು. ಹಕ್ಕಿ ಇದೆಯೆಂದು ನೋಡಲು ಹೋದಳೋ, ಬರುತ್ತದೆಯೇನೋ ಎಂದು ಇನ್ನೂ ಕಾಯುತ್ತಿದ್ದಳೋ, ಅದನ್ನು ಆಯಿ ಕೇಳಲಿಲ್ಲ.

ಬೆಳಕಿರುವಾಗಲೇ ಅಪ್ಪಯ್ಯ ಹುಲಗೋಳದ ಮದುವೆ ಮುಗಿಸಿ ಪಾತ್ರೆಯ ಟೆಂಪೋದಲ್ಲಿ ಬಂದ. ದೂರದಿಂದಲೇ ಮರ ಕಾಣದಿದ್ದದ್ದು ಅವನಿಗೆ ತಿಳಿದಿರಬೇಕು. ಟೆಂಪೋ ನಿಲ್ಲುವ ಮೊದಲೇ ಇಳಿದ.

"ಸರಸಿ ಎಲ್ಲಿ?"

ಅತ್ತೆ ಮೆಟ್ಟಿಲ ಮೇಲೆ ಕೂತಿದ್ದಳು, ನೆನೆದ ಹಪ್ಪಳಗಳನ್ನು ಒಂದರಿಂದೊಂದು ಬಿಡಿಸುತ್ತ. ಅಪ್ಪಯ್ಯ ಅವಳ ಮುಂದೆ ನಿಂತ. ಬೈಯುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಅವಳ ಕೈಯಿಂದ ಒಂದು ಹಪ್ಪಳವನ್ನು ತೆಗೆದುಕೊಂಡು ಚಾಪೆಯ ಮೇಲೆ ಸರಿಯಾಗಿ ಹರವಿ, ಹಿತ್ತಲಿಗೆ ಹೋದ. ಅತ್ತೆ ಎದ್ದು ಅವನ ಹಿಂದೆಯೇ ಹೋದಳು. ನಾನೂ ಹೊರಟೆ. ಆಯಿ ಹಿತ್ತಲ ಬಾಗಿಲಲ್ಲಿ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿಕೊಂಡಳು. ಅಲ್ಲಿಂದ ನನಗೆ ಕಂಡದ್ದು ಇಷ್ಟು. ಕಾಂಡ ಅಡ್ಡ ಬಿದ್ದು ಪೊಟರೆ ಎದೆಯ ಎ‌ತ್ತರಕ್ಕೆ ಬಂದಿತ್ತು. ಅಪ್ಪಯ್ಯ ಅದರ ಮುಂದೆ, ಅವನ ಬೆನ್ನು ನನ್ನ ಕಡೆಗೆ. ಅತ್ತೆ ಕಾಂಡದ ಆಚೆ, ಅವಳ ಮುಖ ಅವನ ಕಡೆಗೆ. ಅವನು ಮೊಣಕೈವರೆಗೆ ಕೈಯನ್ನು ಒಳಗೆ ಹಾಕಿದ. ಬಿಸಿ ಕೊಪ್ಪರಿಗೆಯ ತಳ ಮುಟ್ಟಿ ನೋಡುವ ಕೈ ಅದು, ಅವಸರ ಮಾಡುವುದಲ್ಲ. ಒಳಗೆ ಹುಡುಕಿತು, ನಿಂತಿತು. ಹೊರಗೆ ತೆಗೆದಾಗ ಅತ್ತೆ ಅವನ ಕೈಯನ್ನು ನೋಡಿದಳು. ಅವನು ಹೆಗಲ ಮೇಲಿನ ವಸ್ತ್ರವನ್ನು ಎಳೆದುಕೊಂಡು, ಕೈಯನ್ನು ಅದರಲ್ಲಿ ಸುತ್ತಿಕೊಂಡೋ, ಒರೆಸಿಕೊಂಡೋ, ಹಳ್ಳದ ಕಡೆಗೆ ಇಳಿದು ಹೋದ. ಬಂದಾಗ ಕೈ ತೊಳೆದಿತ್ತು, ವಸ್ತ್ರ ಒದ್ದೆಯಾಗಿತ್ತು. ನೇರ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತ.

"ಇತ್ತು ಕೂಸೆ. ನೀ ಹೇಳಿದ್ದು ಸರಿಯೇ. ಮರ ಬೀಳೂದ್ರೊಳಗೆ ಹಾರಿ ಹೋಜು."

ಆ ಮಾತಿನ ಮೇಲೆ ನಾನು ಎಷ್ಟೋ ವರ್ಷ ನೆಮ್ಮದಿಯಿಂದ ಇದ್ದೆ. ನಾನು ಹೇಳಿದ್ದು ಸರಿ, ಹಕ್ಕಿ ಬಂದಿತ್ತು, ಬದುಕಿತು, ಅತ್ತೆಯೂ ಬದುಕಿದಳು. ಅಪ್ಪಯ್ಯ ಆ ಬೇಸಿಗೆಯಲ್ಲೇ ಮದುವೆಗಳ ನಡುವೆ ಬಿಡುವು ಮಾಡಿಕೊಂಡು ಕೋಣೆಯನ್ನು ಮತ್ತೆ ಕಟ್ಟಿಸಿದ. ಅದೇ ಅಳತೆ, ಅದೇ ಕಡೆಗೆ ಕಿಟಕಿ. ಪಾತ್ರೆಗಳು ಜಗಲಿಯಲ್ಲೇ ಉಳಿದವು. ಅಣ್ಣ ತಂಗಿ ಮತ್ತೆ ಒಂದೇ ಪಂಕ್ತಿಯಲ್ಲಿ ಉಂಡರು.

ಧಾರವಾಡದ ಲೈಬ್ರರಿಯಲ್ಲಿ ಒಂದು ಮಧ್ಯಾಹ್ನ, ಬೇರೆ ಏನನ್ನೋ ಹುಡುಕುತ್ತಿದ್ದಾಗ, ಹಕ್ಕಿಗಳ ಪುಸ್ತಕವೊಂದು ಕೈಗೆ ಸಿಕ್ಕಿತು. ಪೊಟರೆಯೊಳಗೆ ಕೂತ ಹೆಣ್ಣು ಮಂಗಟ್ಟೆ ರೆಕ್ಕೆಯ ದೊಡ್ಡ ಗರಿಗಳನ್ನೆಲ್ಲ ಉದುರಿಸಿಕೊಳ್ಳುತ್ತದೆ, ಮರಿಗಳು ಬೆಳೆಯುತ್ತ ಬಂದ ಹಾಗೆ ಆ ಗರಿಗಳು ಹೊಸದಾಗಿ ಹುಟ್ಟುತ್ತವೆ, ಅಲ್ಲಿಯವರೆಗೆ ಅದು ಹಾರಲಾರದು ಎಂದು ಅದರಲ್ಲಿತ್ತು. ನಾನು ಆ ಸಾಲುಗಳನ್ನು ಮತ್ತೆ ಓದಿ ಪುಸ್ತಕವನ್ನು ಕಪಾಟಿನಲ್ಲಿಟ್ಟೆ. ಆ ಗಾಳಿಯ ದಿನ ಒಳಗಿನ ಹಕ್ಕಿಗೆ, ಇದ್ದಿದ್ದರೆ, ಹಾರಿಹೋಗಲು ರೆಕ್ಕೆಯೇ ಇರುತ್ತಿರಲಿಲ್ಲ. ಹಾಗಾದರೆ ಅಪ್ಪಯ್ಯ ಹೇಳಿದ್ದು ಎರಡರಲ್ಲಿ ಒಂದು ಸುಳ್ಳು. ಪೊಟರೆ ಬರಿದಾಗಿತ್ತು; ನನ್ನ ಒಂದು ಮಾತಿನಿಂದ ಅವನ ತಂಗಿ ಸಾಯುವುದರಲ್ಲಿದ್ದಳು ಎಂದು ನನಗೆ ತಿಳಿಯಬಾರದು ಎಂದು ಇತ್ತು ಎಂದ. ಇಲ್ಲವೇ ಪೊಟರೆ ಬರಿದಾಗಿರಲಿಲ್ಲ. ಒಳಗಿದ್ದದ್ದನ್ನು ವಸ್ತ್ರದಲ್ಲಿ ಸುತ್ತಿ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಬಂದು ಹಾರಿಹೋಯಿತು ಎಂದ. ಯಾವುದಾದರೂ ಅದು ನನಗಾಗಿ ಹೇಳಿದ ಸುಳ್ಳು. ಅಪ್ಪಯ್ಯನನ್ನು ಕೇಳಬೇಕೆಂದು ಪ್ರತಿ ರಜೆಯಲ್ಲೂ ಊರಿಗೆ ಹೋಗುತ್ತಿದ್ದೆ; ಅವನು ನನಗೆಂದು ಎತ್ತಿಟ್ಟ ಹೋಳಿಗೆಯ ಪೊಟ್ಟಣ ಬಿಚ್ಚುವುದನ್ನು ನೋಡಿ ಕೇಳದೆ ಹಿಂತಿರುಗುತ್ತಿದ್ದೆ. ಹಾಗೆಯೇ ಅವನು ತೀರಿಕೊಂಡ. ಅಜ್ಜಿ ಅದಕ್ಕೂ ಮೊದಲೇ, ಆಯಿ ಅವನ ಹಿಂದೆಯೇ.

ಅತ್ತೆ ಈಗ ಶಿರಸಿಯಲ್ಲಿ ನನ್ನ ಜೊತೆಗಿದ್ದಾಳೆ. ಕಿವಿ ಸ್ವಲ್ಪ ಮಂದ, ಕಣ್ಣು ಚುರುಕು. ನಮ್ಮ ಮನೆಯ ಎದುರಿನ ಬಸರಿ ಮರ ಈ ವರ್ಷ ಹಣ್ಣಾಗಿದೆ. ಸಂಕ್ರಾಂತಿ ಕಳೆದದ್ದೇ ಅವಳು ಕುರ್ಚಿಯನ್ನು ಟಿವಿಯ ಕಡೆಯಿಂದ ಕಿಟಕಿಯ ಕಡೆಗೆ ತಿರುಗಿಸಿಕೊಂಡಿದ್ದಾಳೆ. ನಿನ್ನೆ ಒಂದು ಜೋಡಿ ಬಂತು. ಇದನ್ನು ನಾನು ನಿನ್ನೆಯೇ ಬರೆದಿಟ್ಟಿದ್ದೇನೆ, ಅನುಮಾನವಿಲ್ಲ. ಗಂಡು ಹಣ್ಣು ಕಿತ್ತು ಹೆಣ್ಣಿನ ಕೊಕ್ಕಿಗೆ ಕೊಟ್ಟಿತು. ಅತ್ತೆ ನಕ್ಕಳು. ಆ ನಗು ನೋಡಿ, ಇಷ್ಟು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಕೇಳಿಬಿಟ್ಟೆ. ಅವಳಿಗೆ ಕೇಳಿಸಲಿಲ್ಲ ಎಂದುಕೊಂಡು ಕುರ್ಚಿಯ ಪಕ್ಕ ಕೂತು ಇನ್ನೊಮ್ಮೆ, ಕಿವಿಯ ಹತ್ತಿರ ಕೇಳಿದೆ. ಕೇಳಿಸಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟಳು, ಈ ಸಲ ಉಗುರು ಊರದಂತೆ. ಕಣ್ಣನ್ನು ಮಾತ್ರ ಮರದಿಂದ ತೆಗೆಯಲಿಲ್ಲ. ಹಕ್ಕಿಗಳು ಹಾರಿಹೋದವು, ಆ ಸದ್ದು ನನಗೂ ಅವಳಿಗೂ ಕೇಳಿಸಿತು. ಇವತ್ತು ಬೆಳಗಿನಿಂದ ಅವಳು ಅದೇ ಕುರ್ಚಿಯಲ್ಲಿದ್ದಾಳೆ, ನಾನು ಈ ಮೇಜಿನಲ್ಲಿ, ನಿನ್ನೆ ಅವಳ ಕಿವಿಯ ಹತ್ತಿರ ಕೇಳಿದ್ದನ್ನು ಬರೆದಿಡುತ್ತ.

"ಅತ್ತೆ, ಅವತ್ತು ಅಪ್ಪಯ್ಯ ಪೊಟರೆಯಿಂದ ಕೈ ತೆಗೆದಾಗ, ಕೈಯಲ್ಲಿ ಎಂತ ಇತ್ತು?"